ಪಾಳು ಬಿದ್ದ ಪ್ರಾರ್ಥನಾ ಮಂದಿರಗಳ ಬೀಗದ ಕೈ ಇರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪುರಾತತ್ವ ಇಲಾಖೆಗಳಲ್ಲಿ ಕೆಲಸ ಮಾಡುವವರಿಗೆ, ಧರ್ಮಸಂಸ್ಥೆಗಳ ಆಸ್ತಿ ನೋಡಿಕೊಳ್ಳುವವರಿಗೆ, ಟ್ರಸ್ಟಿಗಳಿಗೆ, ಪ್ರವಾಸೋದ್ಯಮದ ಯೋಜನೆ ಬರೆಯುವವರಿಗೆ ಈ ಪತ್ರ. ಯಾವ ದೇಶ, ಯಾವ ಧರ್ಮ ಅಂತ ಇಲ್ಲ. ಜನ ಬಿಟ್ಟುಹೋದ ಒಂದು ಗುಡಿ, ಬಸದಿ, ಚರ್ಚು, ಮಸೀದಿ, ವಿಹಾರ ಅಥವಾ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನಿಮ್ಮ ಸುಪರ್ದಿಯಲ್ಲಿದ್ದರೆ ಇದು ನಿಮಗೇ ಬರೆದದ್ದು.

ನನ್ನ ಕೋರಿಕೆ ಒಂದೇ. ಆ ಕಟ್ಟಡ ಯಾವುದರ ಗುರುತು ಅಂತ ತೀರ್ಮಾನ ಮಾಡುವ ಮೊದಲು, ಅಲ್ಲಿಂದ ಯಾರು ಹೋದರು, ಯಾಕೆ ಹೋದರು ಎಂಬುದನ್ನು ಹುಡುಕಿ. ಸಿಕ್ಕಿದ್ದನ್ನು ಬಾಗಿಲ ಪಕ್ಕದಲ್ಲಿ ಬರೆದು ಹಾಕಿ.

ಪಾಳು ಬಿದ್ದ ಪೂಜಾಸ್ಥಳ ಕಂಡ ಕೂಡಲೇ ನಾವೆಲ್ಲ ಅದಕ್ಕೊಂದು ಅರ್ಥ ಹಚ್ಚಿಬಿಡುತ್ತೇವೆ. ನಂಬಿಕೆ ಸತ್ತುಹೋಯಿತು ಅಂತ ಒಬ್ಬರು. ನಮ್ಮವರ ಮೇಲೆ ದಬ್ಬಾಳಿಕೆ ಆಯಿತು ಅಂತ ಇನ್ನೊಬ್ಬರು. ಎಲ್ಲ ಮಣ್ಣಿಗೇ ಅಲ್ವಾ ಅಂತ ಮತ್ತೊಬ್ಬರು. ಕಲ್ಲು ಎದುರು ಮಾತಾಡುವುದಿಲ್ಲ, ಹಾಗಾಗಿ ಯಾರು ಬೇಕಾದರೂ ತಮ್ಮ ಮಾತನ್ನು ಅದರ ಬಾಯಿಗೆ ಹಾಕಬಹುದು. ಮನೆಯೋ ಕೋಟೆಯೋ ಪಾಳು ಬಿದ್ದರೆ ನಮಗೆ ಇಷ್ಟು ತಳಮಳ ಆಗುವುದಿಲ್ಲ. ದೇವರಿಗೆಂದು ಕಟ್ಟಿದ ಜಾಗ ಶಾಶ್ವತವಾಗಿ ಇರಬೇಕು ಅಂತ ಕಟ್ಟಿದವರೂ ಅಂದುಕೊಂಡಿದ್ದರು, ನೋಡುವ ನಾವೂ ಅಂದುಕೊಂಡಿರುತ್ತೇವೆ. ಅದು ಆಗಲಿಲ್ಲ ಎಂದಾಗ ಒಂದು ಕಾರಣ ಬೇಕು ಅನಿಸುತ್ತದೆ. ಹತ್ತಿರ ಸಿಕ್ಕ ಕಾರಣವನ್ನೇ ಹಿಡಿದುಕೊಳ್ಳುತ್ತೇವೆ.

ಅದರಲ್ಲಿ ಅತಿ ಸುಲಭವಾಗಿ ಸಿಗುವುದು "ಕಾಲ". ಕಾಲ ಕೆಡವಿತು, ಕಾಲಗರ್ಭಕ್ಕೆ ಸೇರಿತು ಅಂತ ಫಲಕಗಳಲ್ಲಿ ಬರೆಸುತ್ತೀರಿ. ಆದರೆ ಎಷ್ಟೋ ಕಡೆ ಕೆಡವಿದ್ದು ಕಾಲ ಅಲ್ಲವೇ ಅಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಫೌಂಟನ್ಸ್, ರೀವೋ ಎಂಬ ಎರಡು ಮಠಗಳ ಅವಶೇಷಗಳಿವೆ. ಎರಡೂ 1132ರಲ್ಲಿ ಶುರುವಾದವು. ಇವತ್ತು ಅಲ್ಲಿ ಚಾವಣಿ ಇಲ್ಲ, ಕಮಾನುಗಳ ನಡುವೆ ಆಕಾಶ ಕಾಣುತ್ತದೆ, ನೆಲದಲ್ಲಿ ಹಸಿರು ಹುಲ್ಲು. ನೋಡಿದವರಿಗೆ ಮನಸ್ಸು ತಣ್ಣಗಾಗುತ್ತದೆ. ಆದರೆ ಆ ಚಾವಣಿ ಹೋದದ್ದು ಹೇಗೆ? ಎಂಟನೇ ಹೆನ್ರಿ ರಾಜನ ಕಾಲದಲ್ಲಿ, 1536ರಿಂದ 1540ರ ಒಳಗೆ, ಮಠಗಳನ್ನೆಲ್ಲ ಮುಚ್ಚಿಸಲಾಯಿತು. ರೀವೋ 1538ರಲ್ಲಿ, ಫೌಂಟನ್ಸ್ 1539ರಲ್ಲಿ ಮುಚ್ಚಿದವು. ಚಾವಣಿಗೆ ಹೊದಿಸಿದ್ದ ಸೀಸಕ್ಕೆ ಒಳ್ಳೆ ಬೆಲೆ ಇತ್ತು, ಅದನ್ನು ಬಿಚ್ಚಿ ಕರಗಿಸಿದರು. ಅದೇ ಸೀಮೆಯ ರೋಚ್ ಎಂಬ ಮಠದಲ್ಲಿ ಸನ್ಯಾಸಿಗಳು ಕೂತು ಪ್ರಾರ್ಥನೆ ಹಾಡುತ್ತಿದ್ದ ಮರದ ಪೀಠಗಳನ್ನೇ ಒಲೆಗೆ ಹಾಕಿ ಸೀಸ ಕರಗಿಸಿದರು ಅಂತ ದಾಖಲೆ ಇದೆ. ರೀವೋದಲ್ಲಿ ಕರಗಿಸಿದ ಸೀಸದ ಕೆಲವು ಗಟ್ಟಿಗಳು ಸಾಗಿಸುವ ಮೊದಲೇ ಕುಸಿದ ಗೋಡೆಯ ಅಡಿ ಸಿಕ್ಕಿಹಾಕಿಕೊಂಡವು. 20ನೇ ಶತಮಾನದಲ್ಲಿ ಅಗೆದಾಗ ಅವು ಹೊರಬಂದವು. ಮೇಲೆ ರಾಜಮುದ್ರೆ ಹಾಗೇ ಇತ್ತು. ಚಾವಣಿ ಹೋದ ಮೇಲೆ ಉಳಿದದ್ದನ್ನು ಮಳೆ ನೋಡಿಕೊಂಡಿತು, ಅಷ್ಟೆ. ಇದನ್ನು ಕಾಲದ ಲೆಕ್ಕಕ್ಕೆ ಬರೆದರೆ, ಆಜ್ಞೆ ಹೊರಡಿಸಿದವರು ತಪ್ಪಿಸಿಕೊಳ್ಳುತ್ತಾರೆ. ಬೀದಿಗೆ ಬಿದ್ದ ಸನ್ಯಾಸಿಗಳು ಇರಲೇ ಇಲ್ಲ ಎಂಬಂತಾಗುತ್ತದೆ.

ಇನ್ನೊಂದು ಸುಲಭದ ಉತ್ತರ "ಯುದ್ಧ". ಇದೂ ಅರ್ಧ ಸತ್ಯ. ಹಂಪಿಯನ್ನೇ ನೋಡಿ. 1565ರ ಯುದ್ಧದ ಮೇಲೆ ರಾಜಧಾನಿ ಬರಿದಾಯಿತು. ಕಲ್ಲಿನ ರಥ ಇರುವ ವಿಠ್ಠಲ ಗುಡಿಯಲ್ಲಿ ಪೂಜೆ ನಿಂತಿತು. ಆದರೆ ಅದೇ ಹೊಳೆದಂಡೆಯಲ್ಲಿ, ನಡೆದು ಹೋಗುವಷ್ಟು ದೂರದಲ್ಲಿರುವ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಗಂಟೆ ಬಾರಿಸುತ್ತದೆ, ತೇರು ಎಳೆಯುತ್ತಾರೆ. ಒಂದೇ ಊರು, ಒಂದೇ ಯುದ್ಧ. ಒಂದು ಉಳಿಯಿತು, ಒಂದು ಉಳಿಯಲಿಲ್ಲ. ರಾಜಧಾನಿ ಹುಟ್ಟುವ ಮೊದಲೇ ವಿರೂಪಾಕ್ಷನ ಆ ಜಾಗ ಪಂಪಾಕ್ಷೇತ್ರ ಎಂಬ ಯಾತ್ರಾಸ್ಥಳವಾಗಿತ್ತು, ಸುತ್ತಲಿನ ಜನ ನಡೆದುಕೊಳ್ಳುತ್ತಿದ್ದರು. ವಿಠ್ಠಲ ಗುಡಿಯ ವೈಭವಕ್ಕೆ ಅರಮನೆಯ ಆಸರೆ ಜಾಸ್ತಿ ಇತ್ತು. ಅರಮನೆ ಹೋದಾಗ ಅದರ ಆಸರೆಯೂ ಹೋಯಿತು ಅಂತ ನನಗನಿಸುತ್ತದೆ. ಹಾಗಾದರೆ ವಿಠ್ಠಲ ಗುಡಿ ಯಾವುದರ ಗುರುತು? ಬರೀ ಸೋಲಿನದ್ದಲ್ಲ. ಯಾರ ದುಡ್ಡಿನಲ್ಲಿ, ಯಾರ ಕಾಲ್ನಡಿಗೆಯಲ್ಲಿ ಒಂದು ದೇವಸ್ಥಾನ ಬದುಕುತ್ತದೆ ಎಂಬುದರದ್ದೂ ಹೌದು.

ನಮ್ಮ ಹಳೆಯ ಶಾಸನಗಳು ಇದನ್ನು ಚೆನ್ನಾಗಿ ಅರಿತಿದ್ದವು. ಕಟ್ಟಿಸಿದವರ ಹೆಸರು, ಬಿಟ್ಟ ಭೂಮಿ, ಅದರ ಎಲ್ಲೆ, ನಂದಾದೀವಿಗೆಗೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ಎಲ್ಲ ಲೆಕ್ಕ ಇಟ್ಟಿರುತ್ತವೆ. ಕೊನೆಗೆ ಒಂದು ಶಾಪ: ಈ ಧರ್ಮವನ್ನು (ದತ್ತಿಯನ್ನು) ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು (ಹಸುಗಳನ್ನು) ಕೊಂದ ಪಾಪ ಬರಲಿ. ಆ ಶಾಪ ಓದಿದಾಗಲೆಲ್ಲ ನನಗೆ ಅದರ ಹಿಂದಿನ ಭಯ ಕಾಣುತ್ತದೆ. ದೀಪ ಆರುವುದು ಭಕ್ತಿ ಕಡಿಮೆಯಾಗಿ ಅಲ್ಲ, ಎಣ್ಣೆಗೆ ಬಿಟ್ಟ ಹೊಲ ಬೇರೆಯವರ ಪಾಲಾಗಿ, ಅಂತ ಬರೆಸಿದವರಿಗೆ ಗೊತ್ತಿತ್ತು. ಆದರೆ ಕಟ್ಟಿದ್ದಕ್ಕೆ ಶಾಸನ ಇದೆ, ಬಿಟ್ಟುಹೋದದ್ದಕ್ಕೆ ಶಾಸನ ಇಲ್ಲ. ಕೊನೆಯ ಪೂಜೆ ಯಾರು ಮಾಡಿದರು, ಯಾವ ವರ್ಷ, ಆಮೇಲೆ ಯಾಕೆ ಯಾರೂ ಬರಲಿಲ್ಲ ಅಂತ ಯಾವ ಕಲ್ಲೂ ಹೇಳುವುದಿಲ್ಲ. ಆ ಕಲ್ಲನ್ನು ನೀವು ಹಾಕಿಸಬೇಕು ಅಂತ ನಾನು ಕೇಳುತ್ತಿರುವುದು.

ಹೋದವರೆಲ್ಲ ಹೊಡೆಸಿಕೊಂಡೇ ಹೋದವರಲ್ಲ ಎಂಬುದೂ ನೆನಪಿರಲಿ. ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದ ಪ್ರಕಾರ 10 ಮಂದಿ ವಯಸ್ಕ ಗಂಡಸರು ಸೇರಬೇಕು. 1948ರ ನಂತರ ಕೊಚ್ಚಿ ಸೀಮೆಯ ಯಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋದರು. ಯಾರೂ ಅವರನ್ನು ಓಡಿಸಲಿಲ್ಲ. ಪರವೂರು, ಚೇಂದಮಂಗಲಂ ಊರುಗಳ ಸಿನಗಾಗ್‌ಗಳು ಈಗ ಮ್ಯೂಸಿಯಂ ಆಗಿವೆ. ಒಂದು ಸಿನಗಾಗ್ ಮೌನವಾಗುವುದು ಕೊನೆಯ ಭಕ್ತ ಹೋದಾಗ ಅಲ್ಲ, ಹತ್ತನೆಯವನು ಹೋದಾಗ. ಆಮೇಲೂ ಒಂಬತ್ತು ಜನ ಊರಲ್ಲಿ ಇರಬಹುದು, ಬಾಗಿಲು ತೆರೆದು ಕಸ ಗುಡಿಸಬಹುದು, ಒಬ್ಬೊಬ್ಬರೇ ಕಣ್ಣು ಮುಚ್ಚಿ ಕೂರಬಹುದು. ಹೊರಗಿನಿಂದ ನೋಡಿದವರು "ನಂಬಿಕೆ ಸತ್ತಿತು" ಅಂತ ಹೇಳಿಕೊಂಡು ಹೋಗುತ್ತಾರೆ. ಒಳಗಿದ್ದ ಒಂಬತ್ತು ಜನರನ್ನು ಯಾರೂ ಕೇಳುವುದಿಲ್ಲ.

ಖಾಲಿ ಅಂದರೆ ಸತ್ತದ್ದು ಅಂತಲೂ ಅಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. ಹಿಂದಿನ ಬಾರಿ ಆಗಿದ್ದು 2013ರಲ್ಲಿ. ಹಳೆಯದನ್ನು ಬಿಚ್ಚಿದ ಮೇಲೆ ಆ ಜಾಗ ಖಾಲಿ ಉಳಿಯುತ್ತದೆ. ಬೆಣಚುಕಲ್ಲು ಹಾಸಿದ ಬಯಲು, ನಡುವೆ ಒಂದು ಪುಟ್ಟ ಮರದ ಗೂಡು. ಮುಂದಿನ ಸರದಿ ಬರುವ ತನಕ ಹಾಗೇ ಇರುತ್ತದೆ. ಅದನ್ನು ಪಾಳು ಅಂತ ಯಾರೂ ಕರೆಯುವುದಿಲ್ಲ, ಯಾಕೆಂದರೆ ಅದು ಯಾಕೆ ಖಾಲಿ ಇದೆ ಅಂತ ಎಲ್ಲರಿಗೂ ಗೊತ್ತು.

ಈಗ ನೀರಿನಲ್ಲಿ ಮುಳುಗಿದವುಗಳ ವಿಷಯ. ಇವುಗಳ ಬಗ್ಗೆ ನನಗೆ ವಿಶೇಷ ಸಂಕಟ. ಹಾಸನದ ಹತ್ತಿರ, ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ನಿಂತಿದೆ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು. ಗೊರೂರಿನ ಅಣೆಕಟ್ಟೆ ಬಂದಾಗ ಊರಿನವರು ಬೇರೆ ಕಡೆ ಹೋದರು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. "ತೇಲುವ ಚರ್ಚು" ಅಂತ ಹೆಸರು ಬೇರೆ ಬಂದಿದೆ. ಇಟಲಿಯ ಉತ್ತರ ತುದಿಯ ರೇಶೆನ್ ಸರೋವರದಲ್ಲಿ 14ನೇ ಶತಮಾನದ ಗಂಟೆಗೋಪುರ ಒಂದೇ ನೀರಿನಿಂದ ಎದ್ದು ನಿಂತಿದೆ. 1950ರಲ್ಲಿ ವಿದ್ಯುತ್ ಯೋಜನೆಗಾಗಿ ಗ್ರೌನ್ ಎಂಬ ಹಳ್ಳಿಯನ್ನು ಮುಳುಗಿಸಿದರು. ಗೋಪುರದ ಗಂಟೆಗಳನ್ನು ಅದಕ್ಕೆ ಮೊದಲೇ ಇಳಿಸಿ ಸಾಗಿಸಿದ್ದರು. ಆದರೂ ಚಳಿಗಾಲದ ರಾತ್ರಿ ಗಂಟೆ ಕೇಳಿಸುತ್ತದೆ ಅಂತ ಐತಿಹ್ಯ ಹುಟ್ಟಿಕೊಂಡಿದೆ. ಪ್ರವಾಸಿಗರಿಗೆ ಆ ಐತಿಹ್ಯ ಗೊತ್ತು. ಅಲ್ಲಿ ಮನೆ ಕಳೆದುಕೊಂಡವರು ಎಲ್ಲಿಗೆ ಹೋದರು, ಏನು ಪರಿಹಾರ ಸಿಕ್ಕಿತು ಅಂತ ಎಷ್ಟು ಜನ ಕೇಳುತ್ತಾರೆ?

ಮುಳುಗಿದ ಚರ್ಚು ದೇವರ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಒಂದು ಊರಿನ ಜನರನ್ನು ಬೇರೆಯವರ ನೀರಿಗಾಗಿ, ಬೆಳಕಿಗಾಗಿ ಎಬ್ಬಿಸಿದ್ದನ್ನು ಹೇಳುತ್ತಿದೆ. ಮನೆಗಳೆಲ್ಲ ಕರಗಿಹೋದವು, ಇದೊಂದು ಮಾತ್ರ ಗಟ್ಟಿಯಾಗಿ ಕಟ್ಟಿದ್ದರಿಂದ ಉಳಿಯಿತು. ಬಹಳ ಕಡೆ ಇಡೀ ಊರಿನ ಪರವಾಗಿ ಹೀಗೆ ಒಂಟಿಯಾಗಿ ನಿಂತಿರುವುದು ಪೂಜಾಸ್ಥಳವೇ. ಅಲ್ಲಿ ಮದುವೆ ಫೋಟೋ ತೆಗೆಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಚೆಂದ ಇದೆ, ಬರುತ್ತಾರೆ. ಅವರಿಗೆ ಹೇಳಬೇಕಾದವರು ಹೇಳಿಲ್ಲ, ಅದು ನನ್ನ ದೂರು.

ಇಂಥ ಜಾಗದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಧರ್ಮಗಳಲ್ಲೇ ದಾರಿ ಇದೆ. ನಮ್ಮ ಆಗಮ ಪದ್ಧತಿಯಲ್ಲಿ ಜೀರ್ಣೋದ್ಧಾರಕ್ಕೆ ಮೊದಲು ಕಲಾಕರ್ಷಣ ಮಾಡುತ್ತಾರೆ, ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಂಡು ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಇಡುತ್ತಾರೆ. ಅಂದರೆ ಬಿಟ್ಟು ಹೊರಡುವುದಕ್ಕೂ ಒಂದು ಕ್ರಮ ಇದೆ. ಕ್ಯಾಥೊಲಿಕ್ ಚರ್ಚಿನ ಕಾನೂನಿನಲ್ಲಿ, ಪೂಜೆ ನಿಂತ ಚರ್ಚನ್ನು ಬಿಷಪ್ಪರು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೇಸಿಗೆಯದ್ದಾಗಿರಬಾರದು ಅಂತ ಇದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪಾಳು ಬಿದ್ದ ಸಿನಗಾಗ್ ಬಗ್ಗೆ ಯಹೂದಿಗಳ ಹಳೆಯ ನಿಯಮ. ಸುಮಾರು 1,800 ವರ್ಷ ಹಿಂದಿನದು. ಅಲ್ಲಿ ಹಗ್ಗ ಹೊಸೆಯಬೇಡಿ, ಬಲೆ ಹರಡಬೇಡಿ, ಚಾವಣಿ ಮೇಲೆ ಹಣ್ಣು ಒಣಹಾಕಬೇಡಿ, ಅದನ್ನು ಅಡ್ಡದಾರಿ ಮಾಡಿಕೊಳ್ಳಬೇಡಿ. ಕಟ್ಟಡ ಬಿದ್ದರೂ ಪಾವಿತ್ರ್ಯ ಹೋಗುವುದಿಲ್ಲ ಅನ್ನುತ್ತದೆ. ಕೊನೆಗೆ ಒಂದು ಮಾತು: ಒಳಗೆ ಹುಲ್ಲು ಬೆಳೆದಿದ್ದರೆ ಕೀಳಬೇಡಿ. ಯಾಕೆ? ನೋಡಿದವರಿಗೆ ನೋವಾಗಲಿ ಅಂತ. ಎಷ್ಟು ಯೋಚಿಸಿ ಹೇಳಿದ ಮಾತು ನೋಡಿ. ಹುಲ್ಲು ಕಿತ್ತು ಚೊಕ್ಕಟ ಮಾಡಿಟ್ಟರೆ ಜನ ಬಂದು ಮೆಚ್ಚಿಕೊಂಡು ಹೋಗುತ್ತಾರೆ. ಹುಲ್ಲು ಇದ್ದರೆ, ಇಲ್ಲಿ ಯಾರೋ ಇರಬೇಕಿತ್ತಲ್ಲ, ಎಲ್ಲಿ ಹೋದರು ಅಂತ ಎದೆ ಚುರುಕ್ ಅನ್ನುತ್ತದೆ. ಆ ಚುರುಕ್ ಅನ್ನುವುದನ್ನು ಉಳಿಸಿ ಅಂತ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಲಾನ್ ಹಾಕಿ, ಬಣ್ಣದ ದೀಪ ಬಿಟ್ಟು, ಸಂಗೀತ ಹಚ್ಚಿ ಅದನ್ನು ಅಳಿಸಬೇಡಿ.

ಹಾಗಂತ ಏನೂ ಮಾಡದೆ ಬಿಡಿ ಅಂತ ಹೇಳುತ್ತಿಲ್ಲ. ಪಾಳು ಕಟ್ಟಡಕ್ಕೆ ಮೊದಲ ಶತ್ರು ನೀರು. ಗೋಡೆಯ ತಲೆಯಿಂದ ನೀರು ಇಳಿದು ಗಾರೆ ತೊಳೆದುಹೋಗುತ್ತದೆ, ಸಂದಿಯಲ್ಲಿ ಸಸಿ ಹುಟ್ಟುತ್ತದೆ, ಬೇರು ಕಲ್ಲನ್ನು ಜರುಗಿಸುತ್ತದೆ. ಸುಣ್ಣದ ಗಾರೆಯ ಹಳೆ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ. ಇದನ್ನೆಲ್ಲ ನಿಮ್ಮ ಎಂಜಿನಿಯರುಗಳೇ ನನಗಿಂತ ಚೆನ್ನಾಗಿ ಬಲ್ಲರು. ಕಾಂಬೋಡಿಯಾದ ತಾ ಪ್ರೋಮ್ ಎಂಬ ಹಳೆಯ ದೇಗುಲದಲ್ಲಿ ಗೋಡೆ ತಬ್ಬಿದ ಮರಗಳನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಆದರೆ ಅದರ ಹಿಂದೆ ಸತತವಾಗಿ ಆಸರೆ ಕೊಡುವ ಕೆಲಸ ನಡೆಯುತ್ತದೆ. ಬಿಡುವುದು ಬೇರೆ, ಕೈಬಿಡುವುದು ಬೇರೆ.

ಇನ್ನೊಂದು, ಶುಚಿ ಮಾಡುವ ಹೆಸರಿನಲ್ಲಿ ಬಳಕೆಯ ಗುರುತುಗಳನ್ನು ತೆಗೆಸಬೇಡಿ. ಒಳಗೆ ಹೋಗಿ ನಿಧಾನವಾಗಿ ನೋಡಿ. ಹೊಸ್ತಿಲಿನ ಕಲ್ಲು ನಡುವೆ ಮಾತ್ರ ಸವೆದಿರುತ್ತದೆ, ಎರಡು ತುದಿ ಚೂಪಾಗಿಯೇ ಇರುತ್ತವೆ. ಕಂಬ ಕೈ ಎಟುಕುವ ಎತ್ತರದ ತನಕ ನುಣುಪು, ಅದರ ಮೇಲೆ ಒರಟು. ದೀಪ ಇಡುತ್ತಿದ್ದ ಗೂಡಿನ ಮೇಲ್ಗಡೆ ಮಸಿ ಹಿಡಿದಿರುತ್ತದೆ, ಅದರ ಕೆಳಗೆ ಎಣ್ಣೆ ಇಳಿದ ಜಾಡು. ಗೋಪುರ ಕಟ್ಟಿಸಿದವನಿಗೆ ಶಾಸನ ಇದೆ, ಇಲ್ಲಿ ದಿನಾ ಬಂದು ಕೈ ಊರಿದವರಿಗೆ ಇಷ್ಟೇ ಇರುವುದು. ಮರಳು ಊದಿ ಅದನ್ನು ಬೆಳ್ಳಗೆ ಮಾಡಿಸಿದರೆ ಅವರು ಎರಡನೇ ಸಲ ಹೋದಂತೆ.

ಹೊಸ ಬಳಕೆಗೆ ನನ್ನ ವಿರೋಧ ಇಲ್ಲ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಡೊಮಿನಿಕನ್ ಚರ್ಚು 2006ರಿಂದ ಪುಸ್ತಕದ ಅಂಗಡಿ. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚ್ ಸೈನ್ಯ ಬಂದ ಮೇಲೆ ಅಲ್ಲಿ ಪೂಜೆ ನಡೆದಿರಲಿಲ್ಲ, ಉಗ್ರಾಣವಾಗಿತ್ತು, ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. ಪುಸ್ತಕದ ಕಪಾಟುಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದ್ದಾರೆ. ಜನ ಮೆಲ್ಲಗೆ ಮಾತಾಡುತ್ತಾರೆ, ತಲೆ ಎತ್ತಿ ಕಮಾನು ನೋಡುತ್ತಾರೆ. ನನಗೆ ಅದು ಒಪ್ಪಿಗೆ. ಲಿಸ್ಬನ್ನಿನ ಕಾರ್ಮೊ ಮಠದ ಚಾವಣಿ 1755ರ ನವೆಂಬರ್ 1ರ ಭೂಕಂಪದಲ್ಲಿ ಬಿತ್ತು. ಅವತ್ತು ಸಕಲ ಸಂತರ ಹಬ್ಬ, ಬೆಳಗಿನ ಪ್ರಾರ್ಥನೆಗೆ ನಗರದ ಚರ್ಚುಗಳು ತುಂಬಿದ್ದವು. ಚರ್ಚಿನ ನಡುಭಾಗದ ಮೇಲೆ ಮತ್ತೆ ಚಾವಣಿ ಹಾಕಲಿಲ್ಲ. ಈಗ ಅಲ್ಲಿ ಮ್ಯೂಸಿಯಂ ಇದೆ, ಕಮಾನಿನ ಮೂಳೆಗಳು ಬಯಲಿಗೆ ನಿಂತಿವೆ. ಅದೂ ಒಪ್ಪಿಗೆ.

ಒಪ್ಪಿಗೆ ಇಲ್ಲದ್ದು ಒಂದಿದೆ. ಪಾಳು ಗೋಡೆಯನ್ನು ಗೆಲುವಿನ ಗುರುತಾಗಿ ಇಟ್ಟುಕೊಳ್ಳುವುದು, ಅಥವಾ ಸೇಡಿನ ಸಾಕ್ಷಿಯಾಗಿ ಇಟ್ಟುಕೊಳ್ಳುವುದು. ಯಾವ ಧರ್ಮದವರೂ ಇದರಿಂದ ಹೊರತಲ್ಲ. ನೂರಾರು ವರ್ಷ ಯಾರೂ ಕಸ ಗುಡಿಸದ ಜಾಗಕ್ಕೆ ಇದ್ದಕ್ಕಿದ್ದ ಹಾಗೆ ಎರಡು ಗುಂಪು ಬರುತ್ತವೆ. ಇಬ್ಬರಿಗೂ ಅಲ್ಲಿ ಪ್ರಾರ್ಥನೆ ಬೇಡ, ಪುರಾವೆ ಬೇಕು. ಯಾರು ಕೆಡವಿದರು ಎಂಬ ಪ್ರಶ್ನೆಗೆ ನೀವು ಹೆದರಿಕೊಂಡು ಉತ್ತರ ಬರೆಯದೆ ಬಿಟ್ಟಾಗಲೇ ಇದು ಬೆಳೆಯುವುದು. ನಿಜ ಗೊತ್ತಿದ್ದರೆ ನಿಜವನ್ನೇ ಬರೆಯಿರಿ, ಅದು ಯಾರಿಗೆ ಕಹಿಯಾದರೂ ಸರಿ. ಕೆಡವಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ. ಬರೆಯದ ಫಲಕದ ಮೇಲೆ ಯಾರ್ಯಾರೋ ಬರೆಯುತ್ತಾರೆ.

ಇದು ಸಾಧ್ಯ ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಎರಡು ಚರ್ಚುಗಳಿವೆ. ಇಂಗ್ಲೆಂಡಿನ ಕವೆಂಟ್ರಿ ಕ್ಯಾಥೆಡ್ರಲ್ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಸುಟ್ಟುಹೋಯಿತು. ಸುಟ್ಟ ಗೋಡೆಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ತೆರೆದರು. ಜರ್ಮನಿಯ ಡ್ರೆಸ್ಡನ್ನಿನ ಫ್ರೌಎನ್‌ಕಿರ್ಶೆ 1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನದಾಳಿಯ ಬೆಂಕಿಗೆ ಕುಸಿಯಿತು. ದಶಕಗಳ ಕಾಲ ಕಲ್ಲಿನ ರಾಶಿಯಾಗಿ ಬಿದ್ದಿತ್ತು. ಅದನ್ನು 2005ರ ಹೊತ್ತಿಗೆ ಮತ್ತೆ ಕಟ್ಟಿ ನಿಲ್ಲಿಸಿದರು, ಹಳೆಯ ಕಪ್ಪು ಕಲ್ಲುಗಳನ್ನು ಹೊಸ ಬಿಳಿ ಕಲ್ಲುಗಳ ನಡುವೆ ಎದ್ದು ಕಾಣುವಂತೆ ಕೂರಿಸಿದರು. ಗೋಪುರದ ಮೇಲಿನ ಶಿಲುಬೆಯ ಕೆಲಸ ಮಾಡಿದ ಬ್ರಿಟಿಷ್ ಅಕ್ಕಸಾಲಿಗನ ತಂದೆ ಆ ದಾಳಿಯಲ್ಲಿ ವಿಮಾನ ಓಡಿಸಿದವರು. ಒಂದನ್ನು ಪಾಳಾಗಿಯೇ ಉಳಿಸಿದರು, ಇನ್ನೊಂದನ್ನು ಎಬ್ಬಿಸಿದರು. ದಾರಿ ಬೇರೆಯಾದರೂ ಎರಡು ಕಡೆಯೂ ನಡೆದದ್ದನ್ನು ಮುಚ್ಚಿಡಲಿಲ್ಲ.

ಇನ್ನೊಂದು ಕೋರಿಕೆಯೂ ಇದೆ, ಮೊದಲನೆಯದರ ಜೊತೆಗೇ ಬರುವಂಥದ್ದು. ಹೋದವರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇರುತ್ತಾರೆ. ವರ್ಷಕ್ಕೊಂದು ದಿನ ಅವರಿಗೆ ಬಾಗಿಲು ತೆರೆಯಿರಿ. ಟರ್ಕಿಯ ಸುಮೇಲಾ ಮಠ ಬಂಡೆಯ ಮಧ್ಯದಲ್ಲಿದೆ. ಗ್ರೀಸ್ ಮತ್ತು ಟರ್ಕಿ ನಡುವಿನ 1923ರ ಜನವಿನಿಮಯದಲ್ಲಿ ಅಲ್ಲಿನ ಗ್ರೀಕ್ ಕ್ರೈಸ್ತರು ದೇಶ ಬಿಟ್ಟರು. 2010ರ ಆಗಸ್ಟ್ 15ರಂದು ಸರ್ಕಾರದ ಅನುಮತಿಯಿಂದ ಅಲ್ಲಿ ಮತ್ತೆ ಪೂಜಾವಿಧಿ ನಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾನ್ ಸರೋವರದ ಅಖ್ತಮಾರ್ ದ್ವೀಪದ 10ನೇ ಶತಮಾನದ ಆರ್ಮೇನಿಯನ್ ಚರ್ಚಿನಲ್ಲೂ ನಡೆಯಿತು. ಎರಡೂ ಉಳಿದ ದಿನ ಮ್ಯೂಸಿಯಂಗಳೇ. ಅನುಮತಿಗೆ ಷರತ್ತುಗಳಿದ್ದವು, ಸಾಲದು ಅಂದವರೂ ಇದ್ದರು, ಅವರ ಮಾತಲ್ಲಿ ನ್ಯಾಯ ಇದೆ. ಆದರೂ ಅಜ್ಜಿಯ ಬಾಯಲ್ಲಿ ಹೆಸರು ಮಾತ್ರ ಕೇಳಿದ್ದ ಜಾಗದಲ್ಲಿ ನಿಂತು ಒಂದು ಮೇಣದಬತ್ತಿ ಹಚ್ಚುವುದು ಸಣ್ಣ ಸಂಗತಿ ಅಲ್ಲ. ಇದಕ್ಕೆ ನಿಮಗೆ ಬೇಕಿರುವುದು ಒಂದು ಅನುಮತಿ ಪತ್ರ, ಒಂದು ದಿನದ ಬಂದೋಬಸ್ತು, ಅಷ್ಟೇ ತಾನೆ.

ಫಲಕದ ವಿಷಯಕ್ಕೆ ಮತ್ತೆ ಬರುತ್ತೇನೆ. ಈಗಿರುವ ಫಲಕಗಳಲ್ಲಿ ಶೈಲಿ, ಶತಮಾನ, ಕಂಬದ ಸಂಖ್ಯೆ ಎಲ್ಲ ಇದೆ. ಮುಟ್ಟಿದರೆ ಎಷ್ಟು ದಂಡ ಎಂಬುದೂ ಇದೆ. ಅದರ ಕೆಳಗೆ ನಾಲ್ಕು ಸಾಲಿಗೆ ಜಾಗ ಮಾಡಿ. ಇಲ್ಲಿ ಯಾರು ಪ್ರಾರ್ಥನೆ ಮಾಡುತ್ತಿದ್ದರು. ಕೊನೆಯ ಬಾರಿ ಯಾವಾಗ ಮಾಡಿದರು. ಯಾಕೆ ಹೋದರು, ಕಳಿಸಿದವರು ಇದ್ದರೆ ಯಾರು ಕಳಿಸಿದರು. ಈಗ ಅವರು ಎಲ್ಲಿದ್ದಾರೆ. ಊರಿನ ಹಿರಿಯರನ್ನು ಕೇಳಿ, ಕಂದಾಯದ ಕಡತ ತೆಗೆಸಿ, ಪುನರ್ವಸತಿ ಪಟ್ಟಿ ನೋಡಿ. ಮುಳುಗಡೆ ಊರುಗಳಲ್ಲಿ ಕೊನೆಯ ಪೂಜೆ ಕಂಡವರು ಈಗ ಇಳಿವಯಸ್ಸಿನಲ್ಲಿದ್ದಾರೆ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಬರೆಸುವಾಗ ರಾಜ್ಯದ ಭಾಷೆ, ದೇಶದ ಭಾಷೆಯ ಜೊತೆಗೆ, ಅಲ್ಲಿಂದ ಹೋದವರು ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರೋ ಆ ಭಾಷೆಯಲ್ಲೂ ಬರೆಸಿ.

ಇಂತಿ,
ನಿಮ್ಮ ಬಾಗಿಲುಗಳ ಮುಂದೆ ಆಗಾಗ ಬಂದು ನಿಲ್ಲುವ ಒಬ್ಬ ಪ್ರಜೆ